ಕಾಣೆಯಾದದ್ದು ಮಗು, ಕಟಕಟೆಯಲ್ಲಿ ತಾಯಿ

ಮಗುವೊಂದು ಕಾಣೆಯಾದ ಸುದ್ದಿ ಹಬ್ಬಿದ ಮೊದಲ ದಿನ ಎಲ್ಲರ ಬಾಯಲ್ಲೂ ಇರುವುದು ಮಗು ಎಲ್ಲಿ ಎಂಬ ಪ್ರಶ್ನೆ. ವಾರ ಕಳೆದರೂ ಮಗು ಸಿಗದಿದ್ದರೆ ತಾಯಿ ಎಂಥವಳು ಎಂಬ ಪ್ರಶ್ನೆ ಅದರ ಜಾಗಕ್ಕೆ ಬಂದು ಕೂರುತ್ತದೆ. ಸಿಗದ ಮಗುವಿನ ಬಗ್ಗೆ ಹೇಳಲು ಹೊಸದೇನೂ ಇರುವುದಿಲ್ಲ. ಕಣ್ಣೆದುರೇ ಇರುವ ತಾಯಿಯ ಬಗ್ಗೆ ದಿನವೂ ಏನಾದರೊಂದು ಇರುತ್ತದೆ. ಇಂಥ ಪ್ರಕರಣಗಳ ಬಗ್ಗೆ ನಾವು ಕೊಡುವ ತೀರ್ಪುಗಳಲ್ಲಿ ಬಹುಪಾಲು ಕೆಲವು ಹಳೆಯ ನಂಬಿಕೆಗಳ ಮೇಲೆ ನಿಂತಿವೆ. ಅವನ್ನು ಒಂದೊಂದಾಗಿ ಪರೀಕ್ಷಿಸಿ ನೋಡೋಣ.

ನಂಬಿಕೆ: ‘ಹೆತ್ತ ಕರುಳಾಗಿದ್ದರೆ ಅಳದೆ ಇರುತ್ತಿತ್ತೇ?’

1980ರ ಆಗಸ್ಟ್ 17ರ ರಾತ್ರಿ. ಆಸ್ಟ್ರೇಲಿಯಾದ ನಡುನಾಡಿನ ಮರುಭೂಮಿಯಲ್ಲಿರುವ ಉಲುರು ಎಂಬ ದೊಡ್ಡ ಕೆಂಬಂಡೆಯ ಹತ್ತಿರ ಹಲವು ಕುಟುಂಬಗಳು ಡೇರೆ ಹಾಕಿದ್ದವು. ಅವರಲ್ಲಿ ಪಾದ್ರಿ ಮೈಕಲ್ ಚೇಂಬರ್ಲೇನ್, ಅವರ ಹೆಂಡತಿ ಲಿಂಡಿ ಮತ್ತು ಮೂರು ಮಕ್ಕಳೂ ಇದ್ದರು. ಕೊನೆಯವಳು ಅಜಾರಿಯಾ, ಒಂಬತ್ತು ವಾರದ ಕೂಸು. ಡೇರೆಯಲ್ಲಿ ಮಲಗಿಸಿದ್ದ ಕೂಸು ಅತ್ತ ಸದ್ದು ಕೇಳಿ ಹೋದ ಲಿಂಡಿ, ಡಿಂಗೊ ಮಗುವನ್ನು ಕಚ್ಚಿಕೊಂಡು ಹೋಯಿತೆಂದು ಕೂಗಿಕೊಂಡರು. ಡಿಂಗೊ ಎಂದರೆ ಅಲ್ಲಿನ ಕಾಡುನಾಯಿ. ಪಕ್ಕದಲ್ಲಿದ್ದ ಇನ್ನೊಬ್ಬ ಹೆಂಗಸಿಗೂ ಮಗುವಿನ ಅಳು ಕೇಳಿಸಿತ್ತು. ಹೆಜ್ಜೆಗುರುತು ಓದಬಲ್ಲ ಅಲ್ಲಿನ ಮೂಲನಿವಾಸಿಗಳು ಮರಳಿನ ಮೇಲೆ, ಭಾರ ಹೊತ್ತು ನಡೆದ ಡಿಂಗೊದ ಜಾಡನ್ನು ಗುರುತಿಸಿದರು. 1981ರ ಫೆಬ್ರವರಿಯಲ್ಲಿ ಮೊದಲ ಮರಣ ವಿಚಾರಣೆಯೂ ಅದನ್ನೇ ಹೇಳಿತು. ಗಾಳಿಮಾತು ಎಷ್ಟು ಹಬ್ಬಿತ್ತೆಂದರೆ, ವಿಚಾರಣಾಧಿಕಾರಿ ತಮ್ಮ ತೀರ್ಮಾನವನ್ನು ಟೀವಿಯಲ್ಲೇ ನೇರಪ್ರಸಾರ ಮಾಡಿಸಬೇಕಾಯಿತು.

ಜನ ಒಪ್ಪಲಿಲ್ಲ. ಲಿಂಡಿ ಕ್ಯಾಮೆರಾ ಮುಂದೆ ಅಳಲಿಲ್ಲವಲ್ಲ! ಡಿಂಗೊ ಹೇಗೆ ತಿನ್ನುತ್ತದೆಂದು ಕೇಳಿದಾಗ ಸಮಾಧಾನವಾಗಿ ವಿವರಿಸಿದರಲ್ಲ! ಅಜಾರಿಯಾ ಎಂದರೆ ‘ಅರಣ್ಯದಲ್ಲಿ ಕೊಟ್ಟ ಬಲಿ’ ಎಂಬ ಅರ್ಥವಿದೆಯೆಂದು ಯಾರೋ ಹೇಳಿದರು, ಅದು ದೇಶವೆಲ್ಲ ಸುತ್ತಿತು. ಆ ಹೀಬ್ರೂ ಹೆಸರಿನ ಅರ್ಥ ‘ದೇವರು ನೆರವಾದವರು’. ಕೂಸಿಗೆ ಒಮ್ಮೆ ಕಪ್ಪು ಬಟ್ಟೆ ತೊಡಿಸಿದ್ದೂ ಅಪರಾಧದ ಲೆಕ್ಕಕ್ಕೆ ಸೇರಿತು. ಆ ಕುಟುಂಬದ ಕ್ರೈಸ್ತ ಪಂಥ ಹೆಚ್ಚಿನವರಿಗೆ ಅಪರಿಚಿತವಾದದ್ದು. ಅಪರಿಚಿತವಾದದ್ದರ ಮೇಲೆ ಅನುಮಾನ ಬೇಗ ಅಂಟಿಕೊಳ್ಳುತ್ತದೆ.

ಮುಂದಿನದು ಇನ್ನೂ ನೋವಿನದು. ಕಾರಿನೊಳಗೆ ಶಿಶುವಿನ ರಕ್ತ ಚಿಮ್ಮಿದೆ ಎಂದು ಪ್ರಯೋಗಾಲಯದ ತಜ್ಞರು ನುಡಿದರು. 1982ರ ಅಕ್ಟೋಬರ್ 29ರಂದು ಮಗುವನ್ನು ಕೊಂದ ಆರೋಪದ ಮೇಲೆ ಲಿಂಡಿಗೆ ಜೀವಾವಧಿ ಶಿಕ್ಷೆಯಾಯಿತು. ಆಗ ಅವರು ತುಂಬು ಗರ್ಭಿಣಿ. ಮುಂದಿನ ತಿಂಗಳು ಹುಟ್ಟಿದ ಮಗಳನ್ನು ಅವರಿಂದ ಬೇರ್ಪಡಿಸಲಾಯಿತು. ‘ಚಿಮ್ಮಿದ ರಕ್ತ’ವೆಂದು ಹೇಳಿದ್ದು ಸದ್ದು ತಗ್ಗಿಸಲು ಕಾರ್ಖಾನೆಯಲ್ಲೇ ಕಾರಿಗೆ ಬಳಿದಿದ್ದ ರಾಸಾಯನಿಕ ಎಂದು ಆಮೇಲೆ ತಿಳಿಯಿತು. ಅವರ ಊರಾದ ಮೌಂಟ್ ಐಸಾ ತಾಮ್ರದ ಗಣಿಯೂರು. ತಾಮ್ರದ ದೂಳು ಕೂಡ ರಕ್ತ ಪತ್ತೆಯ ಪ್ರಾಥಮಿಕ ಪರೀಕ್ಷೆಯಲ್ಲಿ ರಕ್ತದಂತೆ ಕಾಣಿಸಿಕೊಳ್ಳಬಲ್ಲದು.

ಮಗು ಬಿಳಿಯ ಹೆಣಿಗೆಯ ಅಂಗಿಯೊಂದನ್ನು ಮೇಲೆ ತೊಟ್ಟಿತ್ತು ಎಂದು ಲಿಂಡಿ ಮೊದಲಿಂದಲೂ ಹೇಳುತ್ತಿದ್ದರು. ಅಂಥ ಅಂಗಿಯೇ ಇರಲಿಲ್ಲ, ಸುಳ್ಳು ಎಂದಿದ್ದರು ಸರ್ಕಾರಿ ವಕೀಲರು. 1986ರಲ್ಲಿ ಬಂಡೆಯಿಂದ ಬಿದ್ದು ಸತ್ತ ಪ್ರವಾಸಿಯೊಬ್ಬನ ದೇಹ ಹುಡುಕುತ್ತಿದ್ದವರಿಗೆ, ಡಿಂಗೊಗಳ ಗುಹೆಗಳಿದ್ದ ಜಾಗದ ಬಳಿ ಅದೇ ಅಂಗಿ ಸಿಕ್ಕಿತು. ಕೆಲವೇ ದಿನಗಳಲ್ಲಿ ಲಿಂಡಿ ಹೊರಬಂದರು. 1988ರಲ್ಲಿ ಶಿಕ್ಷೆ ರದ್ದಾಯಿತು. ಮಗುವಿನ ಸಾವಿಗೆ ಡಿಂಗೊ ಕಾರಣವೆಂದು ನಾಲ್ಕನೆಯ ವಿಚಾರಣೆ ಅಧಿಕೃತವಾಗಿ ಬರೆದದ್ದು 2012ರ ಜೂನ್ 12ರಂದು. ಅಜಾರಿಯಾ ಬದುಕಿದ್ದಿದ್ದರೆ ಹಿಂದಿನ ದಿನವಷ್ಟೇ ಅವಳಿಗೆ 32 ತುಂಬುತ್ತಿತ್ತು. ನ್ಯಾಯಾಲಯದ ಹೊರಗೆ ತಂದೆತಾಯಿ, ತಿದ್ದಿ ಕೊಟ್ಟ ಮರಣ ಪ್ರಮಾಣಪತ್ರವನ್ನು ಹಿಡಿದು ನಿಂತಿದ್ದರು.

ಮುಖ ನೋಡಿ ಸುಳ್ಳು ಹಿಡಿಯಬಲ್ಲೆವೆಂಬ ನಮ್ಮ ವಿಶ್ವಾಸಕ್ಕೆ ಆಧಾರ ತೀರ ತೆಳು. ಸುಳ್ಳು ಪತ್ತೆಯ ಬಗೆಗಿನ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಜನರ ಊಹೆ ಸರಿಯಾದದ್ದು ಸರಾಸರಿ 100ಕ್ಕೆ 54 ಸಲ. ಕಣ್ಣುಮುಚ್ಚಿ ಹೇಳಿದರೂ 50 ಸರಿಯಾಗುತ್ತದೆ. ಅಧ್ಯಯನವೇ ಏಕೆ, ನಮ್ಮ ಸಾವಿನ ಮನೆಗಳನ್ನು ನೆನೆಸಿಕೊಳ್ಳಿ. ಕಲ್ಲಿನಂತೆ ಕೂತ ಹೆಂಗಸಿನ ಬೆನ್ನು ಸವರುತ್ತ ‘ಅತ್ತುಬಿಡವ್ವಾ, ಎದೆ ಹಗುರಾಗಲಿ’ ಎಂದು ಹಿರಿಯರು ಬೇಡಿಕೊಳ್ಳುತ್ತಾರೆ. ಅಳು ಬಾರದ ದುಃಖವೇ ಹೆಚ್ಚು ಅಪಾಯದ್ದು ಎಂದು ಅವರಿಗೆ ಗೊತ್ತು. ಟೀವಿ ಮುಂದೆ ಕೂತಾಗ ಅದೇ ತಿಳಿವಳಿಕೆ ನಮ್ಮನ್ನು ಬಿಟ್ಟು ಹೋಗುತ್ತದೆ.

ನಂಬಿಕೆ: ‘ಮಕ್ಕಳನ್ನು ಹಾಗೆ ಬಿಟ್ಟು ಹೋದವರು ಏನು ಬೇಕಾದರೂ ಮಾಡಿಯಾರು’

ಈ ಮಾತಿನ ಅರ್ಧ ನಿಜ, ಅದಕ್ಕೇ ಇದನ್ನು ಬಿಡಿಸಿ ನೋಡಬೇಕು. 2007ರ ಮೇ 3ರ ರಾತ್ರಿ ಪೋರ್ಚುಗಲ್‌ನ ಪ್ರಾಯಾ ದ ಲೂಸ್ ಎಂಬ ಕಡಲೂರಿನಲ್ಲಿ, ನಾಲ್ಕು ತುಂಬಲು ಕೆಲವೇ ದಿನಗಳಿದ್ದ ಬ್ರಿಟಿಷ್ ಬಾಲಕಿ ಮ್ಯಾಡಲೀನ್ ಮೆಕ್ಯಾನ್ ಮಲಗಿದ್ದ ಕೋಣೆಯಿಂದ ಕಾಣೆಯಾದಳು. ತಂದೆತಾಯಿ ಹತ್ತಿರದ ಹೋಟೆಲಿನಲ್ಲಿ ಸ್ನೇಹಿತರೊಂದಿಗೆ ಊಟಕ್ಕೆ ಕೂತು, ಆಗಾಗ ಎದ್ದುಬಂದು ನೋಡಿ ಹೋಗುತ್ತಿದ್ದರು. ಮ್ಯಾಡಲೀನ್ ಸೇರಿ ಮೂವರು ಎಳೆಯ ಮಕ್ಕಳನ್ನು ಹಾಗೆ ಬಿಡಬಾರದಿತ್ತು ಎಂದು ಯಾರಾದರೂ ಹೇಳಿದರೆ ನಾನು ತಡೆಯುವುದಿಲ್ಲ. ಆ ತಂದೆತಾಯಿಯೇ ಅದಕ್ಕಾಗಿ ಪಶ್ಚಾತ್ತಾಪಪಟ್ಟಿದ್ದಾರೆ. ಆದರೆ ಅಜಾಗ್ರತೆಯಿಂದ ಕೊಲೆಗೆ ಸೇತುವೆ ಕಟ್ಟಲು ಸಾಕ್ಷ್ಯ ಬೇಕು, ಸಿಟ್ಟು ಸಾಲದು.

ಆ ವರ್ಷ ಸೆಪ್ಟೆಂಬರಿನಲ್ಲಿ ಪೋರ್ಚುಗಲ್ ಪೊಲೀಸರು ತಂದೆತಾಯಿಗೆ ‘ಅರ್ಗ್ವಿದೊ’ ಎಂಬ ಸ್ಥಾನ ಕೊಟ್ಟರು. ಅಲ್ಲಿನ ಕಾನೂನಿನಲ್ಲಿ ಅದು ಆರೋಪಪಟ್ಟಿಯಲ್ಲ. ಅನುಮಾನದ ಮೇಲೆ ವಿಚಾರಣೆಗೆ ಒಳಗಾದವರಿಗೆ ವಕೀಲರನ್ನು ಇಟ್ಟುಕೊಳ್ಳುವ, ಉತ್ತರಿಸದೆ ಇರುವ ಹಕ್ಕನ್ನು ಅದು ಕೊಡುತ್ತದೆ. ಓದುಗರಿಗೆ ಮುಟ್ಟಿದ್ದು ಮಾತ್ರ ‘ಅಪ್ಪ ಅಮ್ಮನೇ ಮಾಡಿದ್ದು’ ಎಂಬಂತೆ. 2008ರ ಜುಲೈನಲ್ಲಿ ಸಾಕ್ಷ್ಯವಿಲ್ಲವೆಂದು ಆ ಸ್ಥಾನವನ್ನು ತೆಗೆದುಹಾಕಿದರು. ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ‘ಡೈಲಿ ಎಕ್ಸ್‌ಪ್ರೆಸ್’ ಮತ್ತು ‘ಡೈಲಿ ಸ್ಟಾರ್’ ಮುಖಪುಟದಲ್ಲೇ ಕ್ಷಮೆ ಕೇಳಿ 5,50,000 ಪೌಂಡ್ ಪರಿಹಾರ ಕೊಟ್ಟಿದ್ದವು. ಆ ಊರಿನಲ್ಲೇ ವಾಸವಿದ್ದು ಶಂಕೆಗೆ ಸಿಲುಕಿದ್ದ ಇನ್ನೊಬ್ಬ ವ್ಯಕ್ತಿಗೂ ಪತ್ರಿಕೆಗಳು ಪರಿಹಾರ ಕೊಡಬೇಕಾಯಿತು. 2020ರಲ್ಲಿ ಜರ್ಮನಿಯ ತನಿಖಾಧಿಕಾರಿಗಳು ಬೇರೊಬ್ಬ ಶಂಕಿತನತ್ತ ಬೆರಳು ತೋರಿದರು. ತಂದೆತಾಯಿಯ ಬಗ್ಗೆ ಹೇಳಿದ್ದು ಅವನಿಗೂ ಅನ್ವಯಿಸುತ್ತದೆ. ಅವನು ಇಷ್ಟವಾಗದ ಮನುಷ್ಯ ಎಂಬುದು ಸಾಕ್ಷ್ಯವಲ್ಲ.

ನಂಬಿಕೆ: ‘ಓಡಿಹೋಗಿರಬೇಕು. 24 ಗಂಟೆ ಕಾಯ್ದು ದೂರು ಕೊಡಿ’

ಇದೂ ಒಂದು ನೈತಿಕ ತೀರ್ಪೇ, ಬಡವರ ಮಕ್ಕಳ ಮೇಲೆ ಕೊಡುವಂಥದ್ದು. ನೋಯ್ಡಾದ ನಿಠಾರಿಯಿಂದ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾಗ, ಠಾಣೆಗೆ ಹೋದ ಕೂಲಿಕಾರ ತಂದೆತಾಯಂದಿರಿಗೆ ಹುಡುಗಿ ಯಾರ ಜೊತೆಗೋ ಓಡಿಹೋಗಿರಬೇಕೆಂಬ ಉತ್ತರ ಸಿಕ್ಕಿತು. 2006ರ ಡಿಸೆಂಬರಿನಲ್ಲಿ ಆ ಊರಿನ ಚರಂಡಿಯಲ್ಲಿ ಎಲುಬುಗಳು ಸಿಕ್ಕವು. ಆಮೇಲೆ ಇಡೀ ದೇಶ ಬಂಧಿತರಾದ ಇಬ್ಬರನ್ನು ರಾಕ್ಷಸರೆಂದು ತೀರ್ಮಾನಿಸಿತು. 2023ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ತನಿಖೆಯ ಲೋಪಗಳನ್ನು ಕಟುವಾಗಿ ಟೀಕಿಸಿ, ತನ್ನ ಮುಂದಿದ್ದ ಪ್ರಕರಣಗಳಲ್ಲಿ ಅವರನ್ನು ಖುಲಾಸೆ ಮಾಡಿತು. ಆ ಮಕ್ಕಳ ತಾಯಂದಿರಿಗೆ ಮೊದಲು ಸಿಕ್ಕಿದ್ದು ಅವಮಾನ, ನಡುವೆ ಟೀವಿಯ ಗದ್ದಲ, ಕೊನೆಗೆ ಏನೂ ಇಲ್ಲ. ಯಾರನ್ನಾದರೂ ಹೊಣೆ ಮಾಡಬೇಕೆಂದು ಮೈಯುರಿಯುವವರು ಮೊದಲ ದಿನ ದೂರು ಬರೆದುಕೊಳ್ಳದವರನ್ನು ಕೇಳಲಿ.

ಕಾಯಬೇಕಾದ 24 ಗಂಟೆ ಎಂಬ ನಿಯಮವೇ ಇಲ್ಲ. ಮಕ್ಕಳ ಪರ ಸಂಸ್ಥೆ ಬಚಪನ್ ಬಚಾವೋ ಆಂದೋಲನ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಮೇ 10ರಂದು ಸ್ಪಷ್ಟವಾಗಿ ಹೇಳಿದೆ: ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು, ಬೇರೆಯದೆಂದು ತನಿಖೆಯಲ್ಲಿ ತಿಳಿಯುವವರೆಗೆ ಅಪಹರಣ ಅಥವಾ ಮಾನವ ಸಾಗಣೆ ಎಂದೇ ಭಾವಿಸಿ ಹುಡುಕಬೇಕು. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಇರುತ್ತದೆ.

ನಂಬಿಕೆ: ‘ಒಳ್ಳೆಯದಕ್ಕೇ ಫಾರ್ವರ್ಡ್ ಮಾಡಿದೆ, ನಷ್ಟವೇನು?’

2018ರಲ್ಲಿ ಬೈಕಿನಲ್ಲಿ ಬಂದವರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಹೊತ್ತೊಯ್ಯುವ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂದಿತ್ತು. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕು ತಿರುಗಿ ಬಂದು ಮಗುವನ್ನು ಇಳಿಸುತ್ತದೆ, ಸವಾರ ಸಂದೇಶವಿರುವ ಫಲಕ ತೋರಿಸುತ್ತಾನೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಭಯ ಊರೂರು ಸುತ್ತಿ, ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬರು ಅದೇ ರೀತಿ ಸತ್ತರು. ಅವರ ಗುಂಪಿನವರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಎರಡೂ ಕಡೆ ಕಾಣೆಯಾದ ಮಗುವೇ ಇರಲಿಲ್ಲ.

ನಿಜವಾಗಿ ಕಾಣೆಯಾದ ಮಗುವಿನ ಫೋಟೊ ಹಂಚುವುದು ಬೇಡವೆಂದು ನಾನು ಹೇಳುತ್ತಿಲ್ಲ. ಪೊಲೀಸರ ಪ್ರಕಟಣೆಯಲ್ಲಿ ದಿನಾಂಕ, ಠಾಣೆಯ ಹೆಸರು ಇರುತ್ತದೆ. ಅದನ್ನೇ ಕಳುಹಿಸಿ, ನಿಮ್ಮ ಊಹೆಯನ್ನು ಸೇರಿಸಬೇಡಿ. ಮಗು ಸಿಕ್ಕ ಮೇಲೆ ಅಳಿಸಿಬಿಡಿ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ, ರಕ್ಷಣೆ ಬೇಕಾದ ಅಥವಾ ಅಪರಾಧಕ್ಕೆ ತುತ್ತಾದ ಮಗುವಿನ ಹೆಸರು, ಚಿತ್ರ, ಶಾಲೆಯ ವಿವರ ಪ್ರಕಟಿಸಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮನೆಗೆ ಮರಳಿದ ಐದು ವರ್ಷದ ಹುಡುಗಿ ಮುಂದೆ ಹೈಸ್ಕೂಲಿಗೆ ಹೋಗುತ್ತಾಳೆ. ಅವಳ ಹಳೆಯ ಫೋಟೊ, ಅದರ ಕೆಳಗೆ ಅವಳಮ್ಮನ ಬಗ್ಗೆ ಯಾರೋ ಬರೆದ ಸಾಲು, ತರಗತಿಯ ಯಾವುದೋ ಹುಡುಗನ ಫೋನಿನಲ್ಲಿ ಆಗಲೂ ಉಳಿದಿರುತ್ತದೆ.