ಜಾತ್ರೆಯ ಮಿಠಾಯಿ, ಮಕ್ಕಳ ಹಲ್ಲು



ಸಂಕ್ರಾಂತಿ ಬಂತೆಂದರೆ ಎಳ್ಳು ಬೆಲ್ಲ, ಸಕ್ಕರೆ ಅಚ್ಚು. ಅದು ಮುಗಿಯುವಷ್ಟರಲ್ಲಿ ಮಾಘ ಮಾಸ, ಹಿರಿಯೂರಿನಲ್ಲಿ ತೇರುಮಲ್ಲೇಶ್ವರಸ್ವಾಮಿಯ ಜಾತ್ರೆ. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲೂ ತೇರು, ಪರಿಷೆ ಇದ್ದದ್ದೇ. ಬತ್ತಾಸು, ಪೆಪ್ಪರಮೆಂಟು ಕಟ್ಟಿಸಿಕೊಳ್ಳದೆ ಯಾವ ಮಗು ಮನೆಗೆ ಬಂದೀತು? ಕೊಡಿಸಬೇಡಿ ಅಂತ ನಾನು ಹೇಳೋದಿಲ್ಲ. ಹೇಳಿದರೂ ಅಜ್ಜಿಯರು ಕೇಳೋರಲ್ಲ. ಆದರೆ ಎಷ್ಟು ತಿಂದಿತು ಅನ್ನೋದಕ್ಕಿಂತ ಎಷ್ಟು ಸಲ ತಿಂದಿತು ಅನ್ನೋದು ಹಲ್ಲಿಗೆ ಮುಖ್ಯ.

ಹಲ್ಲಿಗೆ ಹುಳ ಬಿದ್ದಿದೆ ಅನ್ನುತ್ತೇವೆ. ಜೋಳದ ಸುಳಿಯಲ್ಲಿ ಕೂತಿರೋ ಅಂಥ ಹುಳ ಹಲ್ಲಿನಲ್ಲಿ ಇಲ್ಲ. ಗುಳ್ಳದ ಬೀಜದ ಹೊಗೆ ಹಾಕಿಸಿದರೆ ಉದುರೋದಕ್ಕೂ ಏನೂ ಇಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಹಲ್ಲಿಗೆ ಅಂಟಿಕೊಂಡಿರುತ್ತವೆ. ಸಿಹಿ ಅವಕ್ಕೆ ಮೇವು. ಮೇದು ಹುಳಿ ಬಿಡುತ್ತವೆ, ಆ ಹುಳಿ ಹಲ್ಲಿನ ಹೊರಕವಚದ ಸುಣ್ಣದ ಅಂಶವನ್ನು ಕರಗಿಸುತ್ತದೆ. ಜೊಲ್ಲುನೀರು ಅದನ್ನು ತೊಳೆದು ಸರಿಮಾಡೋದಕ್ಕೆ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಐದು ಬತ್ತಾಸನ್ನು ಊಟದ ಜೊತೆಗೇ ತಿಂದ ಮಗುವಿಗೆ ಒಂದು ಸಲ ಹುಳಿ. ಅದೇ ಐದನ್ನು ಜೇಬಿನಲ್ಲಿಟ್ಟುಕೊಂಡು ಗಂಟೆಗೊಂದು ಚೀಪಿದರೆ ದಿನವಿಡೀ ಹುಳಿ.

ಬೆಲ್ಲವಾದರೆ ಪರವಾಗಿಲ್ಲ ಅಂತ ಬಹಳ ಮಂದಿ ತಿಳಿದಿದ್ದಾರೆ. ಹಲ್ಲಿನ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ಸಂದಿಯಲ್ಲಿ ಅಂಟಿ ಕೂರುವ ಚಿಕ್ಕಿ, ಕಮ್ಮರಕಟ್ಟು ಬೇಗ ಕರಗುವ ಬತ್ತಾಸಿಗಿಂತ ಕೆಟ್ಟದ್ದು. ತಿಂದ ಮೇಲೆ ನೀರು ಮುಕ್ಕಳಿಸಿ ಉಗುಳಿಸಿ. ನಡುವೆ ಹಸಿವಾದರೆ ಹುರಿದ ಶೇಂಗಾ, ಕೊಬ್ಬರಿ ಚೂರು ಕೊಡಿ. ನಮ್ಮ ಹೊಲ, ತೋಟದ್ದೇ ಇದೆಯಲ್ಲ. ಐದು ವರ್ಷದೊಳಗಿನವರಿಗೆ ಮಾತ್ರ ಇಡೀ ಬೀಜ ಬೇಡ, ಗಂಟಲಿಗೆ ಸಿಕ್ಕೀತು. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಆದ್ದರಿಂದ ರಾತ್ರಿ ಹಲ್ಲುಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ.

"ಹಾಲುಹಲ್ಲು ತಾನೆ, ಬಿದ್ದು ಹೋಗುತ್ತೆ" ಅನ್ನೋ ಮಾತು ಉಂಟು. ಇಲ್ಲೇ ಮೋಸ ಹೋಗೋದು. ಸುಮಾರು ಆರನೇ ವರ್ಷಕ್ಕೆ, ಹಾಲುಹಲ್ಲಿನ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ ಮೇಲೆರಡು ಕೆಳಗೆರಡು ದವಡೆ ಹಲ್ಲು ಹುಟ್ಟುತ್ತವೆ. ಹೊಸ ಹಲ್ಲು ಬಂದದ್ದೇ ಮನೆಯವರಿಗೆ ಗೊತ್ತಾಗೋದಿಲ್ಲ. ಇವು ಶಾಶ್ವತ ಹಲ್ಲುಗಳು, ಹೋದರೆ ಮತ್ತೆ ಬರೋದಿಲ್ಲ. ಒಂದನೇ ತರಗತಿಯ ಮಗುವಿನ ಬಾಯಿ ತೆರೆಸಿ, ಬಿಸಿಲಿನಲ್ಲಿ ನೋಡಿ. ಆ ಹಲ್ಲಿನ ಗುಳಿಯಲ್ಲಿ ಕಪ್ಪು ಗೆರೆಯೋ ತೂತೋ ಕಂಡರೆ ನೋವು ಬರೋವರೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಮಿಠಾಯಿಯನ್ನು ಬೈಯಬೇಡಿ. ಅದು ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಬಂದಿರಬಹುದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಇಲ್ಲಿ ಹಲವು ಹಳ್ಳಿಗಳಲ್ಲಿದೆ. ಹಲ್ಲು ವಸಡಿನೊಳಗೆ ಬೆಳೆಯುವಾಗಲೇ ಹತ್ತಿದ ಕಲೆ ಅದು. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕಿದರೆ ಕಲೆ ಹೋಗದು, ಹಲ್ಲು ಸವೆದೀತು. ನೀರು ಕುದಿಸಿದರೂ ಫ್ಲೋರೈಡು ಹೋಗದು. ಪಂಚಾಯತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ. ಕುಡಿಯೋದಕ್ಕೆ, ಅಡುಗೆಗೆ ಶುದ್ಧ ನೀರಿನ ಘಟಕದ ನೀರು ತನ್ನಿ. ಅಂಥ ಊರಿನ ಮಕ್ಕಳಿಗೆ ಯಾವ ಪೇಸ್ಟು, ಎಷ್ಟು ಅನ್ನೋದನ್ನು ದಂತ ವೈದ್ಯರನ್ನೇ ಕೇಳಿ. ಪೇಸ್ಟು ಯಾವುದಾದರೂ ಮಗು ನುಂಗದೆ ಉಗುಳಲಿ. ಏಳೆಂಟು ವರ್ಷದವರೆಗೆ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತೇ ಉಜ್ಜಿಸಬೇಕು.