ಮೂರನೇ ದಿನದ ಹುಡುಗರು

2014ರ ಜನವರಿ 19, ಸಿಯಾಟಲ್. ಅಮೆರಿಕನ್ ಫುಟ್‌ಬಾಲ್ ಲೀಗಿನ ಆಟ ಮುಗಿಯಲು ಇನ್ನು ಅರ್ಧ ನಿಮಿಷ. ಊರಿನ ತಂಡ ಸೀಹಾಕ್ಸ್ 23, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ 17. ಗೆದ್ದವರು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ, ಸೋತವರು ಮನೆಗೆ. ಚೆಂಡು ಫಾರ್ಟಿನೈನರ್ಸ್ ಕೈಯಲ್ಲಿದೆ. ಗೆರೆ ದಾಟಲು ಉಳಿದಿರುವುದು ಹದಿನೆಂಟೇ ಗಜ. ಒಂದೂವರೆ ತಿಂಗಳ ಹಿಂದೆ ಇದೇ ಕ್ರೀಡಾಂಗಣದ ಕೂಗು 137.6 ಡೆಸಿಬೆಲ್ ಮುಟ್ಟಿ ಗಿನ್ನೆಸ್ ದಾಖಲೆ ಸೇರಿತ್ತು. ಈಗಲೂ ಪಕ್ಕದವನ ಮಾತು ಕೇಳಿಸುವ ಹಾಗಿಲ್ಲ.

ಕ್ವಾರ್ಟರ್‌ಬ್ಯಾಕ್ ಕಾಲಿನ್ ಕೆಪರ್ನಿಕ್ ಚೆಂಡನ್ನು ಮೂಲೆಗೆ ಎತ್ತಿ ಎಸೆಯುತ್ತಾನೆ. ಅದಕ್ಕಾಗಿ ಓಡುತ್ತಿರುವವನು ಮೈಕೆಲ್ ಕ್ರ್ಯಾಬ್‌ಟ್ರೀ. ಅವನ ನೆರಳಿನಂತೆ ಪಕ್ಕದಲ್ಲೇ ಓಡುತ್ತಿರುವವನು ಆರಡಿ ಮೂರಿಂಚಿನ ರಿಚರ್ಡ್ ಶೆರ್ಮನ್. ಶೆರ್ಮನ್ ಓಡುತ್ತಲೇ ಹಿಂದಕ್ಕೆ ತಿರುಗಿ ನೆಗೆದ. ಚೆಂಡು ಹಿಡಿಯುವಷ್ಟು ಹತ್ತಿರವಿರಲಿಲ್ಲ. ಉದ್ದನೆಯ ತೋಳಿನ ತುದಿಯಿಂದ ತಟ್ಟಿದ, ಅಷ್ಟೇ. ಮೇಲೆದ್ದ ಚೆಂಡು ಮೆತ್ತಗೆ ಇಳಿದು ಬಂದದ್ದು ಎಲ್ಲಿಂದಲೋ ಓಡಿಬಂದ ಸಹ ಆಟಗಾರ ಮಾಲ್ಕಮ್ ಸ್ಮಿತ್‌ನ ತೆಕ್ಕೆಗೆ. ಆಟ ಮುಗಿಯಿತು.

ಇವರಿಬ್ಬರೂ 2011ರ ಡ್ರಾಫ್ಟ್‌ನಲ್ಲಿ ಸಿಕ್ಕವರು. ಶೆರ್ಮನ್ 154ನೆಯವನು, ಸ್ಮಿತ್ 242ನೆಯವನು. ಅಂದರೆ ಲೀಗಿನ 32 ತಂಡಗಳೂ ಒಂದಲ್ಲ, ಹಲವು ಸಲ ಇವರನ್ನು ಬದಿಗಿಟ್ಟಿದ್ದವು. ಸೀಹಾಕ್ಸ್ ಕೂಡ.

ಡ್ರಾಫ್ಟ್ ಅಂದರೆ ನಮ್ಮ ಐಪಿಎಲ್ ಹರಾಜಲ್ಲ. ಇಲ್ಲಿ ಹಲಗೆ ಎತ್ತುವವರಿಲ್ಲ, ಕೋಟಿಗಳ ಕೂಗಿಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಆಯ್ಕೆ, ಗೆದ್ದವರಿಗೆ ಕೊನೆಯದು. ಹೀಗೆ ಏಳು ಸುತ್ತು. ಕಾಲೇಜು ಮುಗಿಸಿ ಬರುವ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಹೆಸರಿಸುತ್ತ ಹೋಗುತ್ತವೆ. ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ ಹುಟ್ಟುಹಾಕಿದ ಈ ಏರ್ಪಾಡು 1936ರಲ್ಲಿ ಒಂದು ಹೋಟೆಲಿನ ಕೋಣೆಯಲ್ಲಿ ಶುರುವಾಯಿತು. ಮೊಟ್ಟಮೊದಲ ಆಯ್ಕೆ ಜೇ ಬರ್ವಾಂಗರ್. ಆತ ಈ ಲೀಗಿನಲ್ಲಿ ಒಂದು ಆಟವನ್ನೂ ಆಡಲಿಲ್ಲ. ಶಕುನವೇ ಹಾಗಿತ್ತು ನೋಡಿ!

2010ರ ಏಪ್ರಿಲ್ ಹೊತ್ತಿಗೆ ಅದು ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಮೂರು ದಿನ ನಡೆಯುವ ಜಾತ್ರೆಯಾಗಿತ್ತು. ಗುರುವಾರ ರಾತ್ರಿ ಮೊದಲ ಸುತ್ತು. ಹೊಸ ಸೂಟು ತೊಟ್ಟ ಹುಡುಗರು, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುವ ಅಮ್ಮಂದಿರು. ಹೆಸರು ಕೂಗಿದೊಡನೆ ತಲೆಗೆ ತಂಡದ ಟೋಪಿ, ವೇದಿಕೆಯ ಮೇಲೆ ಕಮಿಷನರ್ ಜೊತೆ ಅಪ್ಪುಗೆ. ಒಂದೊಂದು ಹೆಸರಿಗೂ ತಂಡಕ್ಕೆ ಹತ್ತು ನಿಮಿಷದ ಗಡುವು. ಶುಕ್ರವಾರ ಎರಡು, ಮೂರನೇ ಸುತ್ತು. ಶನಿವಾರದ ಹೊತ್ತಿಗೆ ಸೂಟೂ ಇಲ್ಲ, ಕಣ್ಣೀರೂ ಇಲ್ಲ. ಗಡುವು ಐದು ನಿಮಿಷಕ್ಕೆ ಇಳಿದಿರುತ್ತದೆ. ಕಾಳು ಸುರಿದ ಹಾಗೆ ಹೆಸರುಗಳು ಉದುರುತ್ತವೆ. ಹುಡುಗರು ಎಲ್ಲೋ ಮನೆಯ ಸೋಫಾದಲ್ಲಿ ಫೋನು ಹಿಡಿದು ಕೂತಿರುತ್ತಾರೆ. ಸೀಹಾಕ್ಸ್‌ನ ರಕ್ಷಣೆಯ ಗೋಡೆಗೆ ಬೇಕಾದ ಕಲ್ಲುಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಈ ಶನಿವಾರಗಳಲ್ಲಿ.

ಆ ಗೋಡೆ ಆಗ ಕುಸಿದು ಬಿದ್ದಿತ್ತು. 2008ರಲ್ಲಿ ನಾಲ್ಕು ಗೆಲುವು, 2009ರಲ್ಲಿ ಐದು. ಆ ಐದರ ವರ್ಷ ಎದುರಾಳಿಗಳಿಗೆ ಬಿಟ್ಟುಕೊಟ್ಟ ಅಂಕ 390. 2010ರ ಜನವರಿಯಲ್ಲಿ ಕೋಚ್ ಆಗಿ ಪೀಟ್ ಕ್ಯಾರಲ್, ಜನರಲ್ ಮ್ಯಾನೇಜರ್ ಆಗಿ ಜಾನ್ ಷ್ನೈಡರ್ ಬಂದರು. ಕ್ಯಾರಲ್ ಕಾಲೇಜಿನಲ್ಲಿ ಸ್ವತಃ ಸೇಫ್ಟಿ ಆಡಿದವರು; ಸೇಫ್ಟಿ ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಕೊನೆಯ ಬಾಗಿಲು ಕಾಯುವ ಆಟಗಾರ. ಹೀಗಾಗಿ ಗೋಡೆಯನ್ನು ಹಿಂದಿನಿಂದ ಕಟ್ಟತೊಡಗಿದರು. ಮೊದಲ ವರ್ಷ ತಂಡದ ಪಟ್ಟಿಗೆ ಬಂದವರು, ಹೋದವರು ಎಲ್ಲ ಸೇರಿ ಬದಲಾವಣೆಗಳು ಇನ್ನೂರು ಮೀರಿದವು. ಮನೆ ಖಾಲಿ ಮಾಡುವವರ ಅಂಗಳ ಹೇಗಿರುತ್ತದೋ ಹಾಗೆ.

ಮೊದಲ ಕಲ್ಲು ಅಗ್ಗದ್ದಲ್ಲ. 2010ರಲ್ಲಿ 14ನೇ ಆಯ್ಕೆಯಾಗಿ ಟೆಕ್ಸಸ್‌ನ ಅರ್ಲ್ ಥಾಮಸ್ ಬಂದ. ಕುಳ್ಳ, ಐದಡಿ ಹತ್ತಿಂಚು, ಆದರೆ ಕಾಲಲ್ಲಿ ಗಾಳಿ. ಮೈದಾನದ ಅಗಲ ಸುಮಾರು 49 ಮೀಟರ್; ಹಿಂಬದಿಯ ನಟ್ಟನಡುವೆ ಇವನೊಬ್ಬನನ್ನೇ ನಿಲ್ಲಿಸಿದರು. ಹೊಲದ ಅಟ್ಟಣೆಯ ಮೇಲೆ ಕೂತವನು ಯಾವ ಮೂಲೆಗೆ ಹಂದಿ ನುಗ್ಗಿದರೂ ಓಡಬೇಕಲ್ಲ, ಹಾಗೆ. ಒಬ್ಬನೇ ಇಬ್ಬರ ಕೆಲಸ ಮಾಡಿದಾಗ ಇನ್ನೊಬ್ಬ ಸೇಫ್ಟಿ ಮುಂದಕ್ಕೆ ಬಂದು ನಿಲ್ಲಬಹುದು. ಇಡೀ ಲೆಕ್ಕಾಚಾರ ನಿಂತಿದ್ದು ಈ ಒಂದು ಬಿಡುವಿನ ಮೇಲೆ. ಅಂದಹಾಗೆ ಆ 14ನೇ ಸರದಿ ಸೀಹಾಕ್ಸ್‌ನದಲ್ಲ, ಡೆನ್ವರ್ ತಂಡದ್ದು. ಹಿಂದಿನ ವರ್ಷ ಡೆನ್ವರ್‌ನವರು ಎರಡನೇ ಸುತ್ತಿನ ಒಬ್ಬ ಹುಡುಗನ ಆಸೆಗೆ ಅದನ್ನು ಕೊಟ್ಟುಬಿಟ್ಟಿದ್ದರು.

ಮುಂದಕ್ಕೆ ಬಂದು ನಿಂತವನು ಕ್ಯಾಮ್ ಚಾನ್ಸಲರ್. ಅದೇ ವರ್ಷದ ಐದನೇ ಸುತ್ತು, 133ನೇ ಹೆಸರು. ಆರಡಿ ಮೂರಿಂಚು, ನೂರು ಕಿಲೋ ಮೀರಿದ ಮೈ. ಸೇಫ್ಟಿಗೆ ದಪ್ಪ, ಸೇಫ್ಟಿಯ ಮುಂದೆ ನಿಲ್ಲುವ ಲೈನ್‌ಬ್ಯಾಕರ್‌ಗೆ ಸಣ್ಣ, ಓಟದಲ್ಲಿ ನಿಧಾನ ಅಂತ ಉಳಿದ ತಂಡಗಳು ಹಿಂಜರಿದವು. ಹಿಂದೆ ಓಡಲು ಥಾಮಸ್ ಇದ್ದಾನೆ, ಇವನು ಓಡಬೇಕಿಲ್ಲ, ಎದುರು ಬಂದವನ ಎದೆಗೆ ಗುದ್ದಿದರೆ ಸಾಕು ಎನ್ನುವುದು ಸೀಹಾಕ್ಸ್‌ನವರ ಯೋಚನೆ. ಇನ್ನೊಬ್ಬರ ಮನೆಯಲ್ಲಿ ಮೂಲೆಗೆ ಬೀಳುತ್ತಿದ್ದ ಕಲ್ಲು ಇಲ್ಲಿ ಹೊಸ್ತಿಲಾಯಿತು.

ಮೂಲೆ ಕಾಯುವ ಕಾರ್ನರ್‌ಬ್ಯಾಕ್‌ಗಳ ವಿಷಯದಲ್ಲಿ ಅಳತೆ ಇನ್ನೂ ನಿಖರ. ಕಬಡ್ಡಿಯಲ್ಲಿ ಮೂಲೆಯವನಿಗೆ ಕಾಲು ಹಿಡಿಯುವ ಕೈ ಹೇಗೆ ಮುಖ್ಯವೋ, ಇಲ್ಲಿ ಎದುರಾಳಿಯ ಓಟವನ್ನು ಆರಂಭದಲ್ಲೇ ತಡೆದು ಕೆಡಿಸುವ ತೋಳು ಮುಖ್ಯ. ಕ್ಯಾರಲ್ ಮತ್ತು ಷ್ನೈಡರ್ ಆಯ್ದವರ ಪಟ್ಟಿ ಮುಂದಿಟ್ಟುಕೊಂಡು, ತೋಳು 32 ಇಂಚಾದರೂ ಇರಬೇಕೆಂಬುದು ಇವರ ಲೆಕ್ಕ ಎಂದು ಅಮೆರಿಕದ ಪತ್ರಕರ್ತರು ಬರೆದರು. ಇಂಥ ಅಳತೆಗಳೆಲ್ಲ ಸಿಗುವುದು ಪ್ರತಿವರ್ಷ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್‌ನಲ್ಲಿ. ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ, ತೂಕ, ಅಂಗೈ, ತೋಳು ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ. 225 ಪೌಂಡ್ ಎತ್ತಿಸುತ್ತಾರೆ. ಘಾಟಿ ಜಾತ್ರೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ ಹೋರಿ ಕೊಳ್ಳುವುದು ನೆನಪಾಗುತ್ತದೆ. ಆದರೆ ಅಳೆಸಿಕೊಳ್ಳುವವರಲ್ಲಿ ಬಹುಪಾಲು ಕಪ್ಪು ಹುಡುಗರು, ಅಳೆಸುವವರಲ್ಲಿ ಬಹುಪಾಲು ಬಿಳಿಯರು. ಗುಲಾಮರ ಸಂತೆಯನ್ನು ಕಂಡಿದ್ದ ದೇಶದಲ್ಲಿ ಈ ನೋಟ ಹಲವರಿಗೆ ಇರಿಸುಮುರಿಸು ತಂದಿದೆ. ನನಗೂ ಆ ದೃಶ್ಯಗಳನ್ನು ಹಗುರಾಗಿ ನೋಡಲು ಆಗುವುದಿಲ್ಲ.

ಶೆರ್ಮನ್ ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನವನು, ಕಸದ ಲಾರಿ ಓಡಿಸುವವರ ಮಗ. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದವನು. ಚೆಂಡು ಹಿಡಿಯುವ ರಿಸೀವರ್ ಆಗಿದ್ದು, ನಡುವಿನಲ್ಲಿ ಕಾರ್ನರ್‌ಬ್ಯಾಕ್ ಆದವನು. ಹೊಸ ಕೆಲಸ ಕಲಿತು ಎರಡೇ ವರ್ಷ, ಓಟವೂ ಅಷ್ಟಕ್ಕಷ್ಟೆ. 2011ರಲ್ಲಿ ಇವನಿಗಿಂತ ಮೊದಲು ಇಪ್ಪತ್ತಕ್ಕೂ ಹೆಚ್ಚು ಕಾರ್ನರ್‌ಬ್ಯಾಕ್‌ಗಳ ಹೆಸರು ಕೂಗಿಯಾಗಿತ್ತು. ತೋಳು ಮಾತ್ರ ಉದ್ದ. ಅದೇ ಶನಿವಾರ ನಾಲ್ಕನೇ ಸುತ್ತಿನಲ್ಲಿ ಲೈನ್‌ಬ್ಯಾಕರ್ ಕೆ.ಜೆ. ರೈಟ್, ಆರನೆಯದರಲ್ಲಿ ಇನ್ನೊಬ್ಬ ಕಾರ್ನರ್‌ಬ್ಯಾಕ್ ಬೈರನ್ ಮ್ಯಾಕ್ಸ್‌ವೆಲ್, ಏಳನೆಯದರಲ್ಲಿ ಸ್ಮಿತ್. ಒಂದೇ ಮಧ್ಯಾಹ್ನದ ಬುಟ್ಟಿ ಇದು.

ಇದನ್ನೆಲ್ಲ ಮಹಾ ಜಾಣ್ಮೆ ಅನ್ನುವುದಕ್ಕೆ ನನಗೆ ಮನಸ್ಸಿಲ್ಲ. ಶೆರ್ಮನ್‌ನ ಬೆನ್ನಿಗೇ, 156ನೆಯವನಾಗಿ ಆಯ್ದ ಸೇಫ್ಟಿ ಆ ವರ್ಷ ತಂಡದಲ್ಲೇ ಉಳಿಯಲಿಲ್ಲ. ಅದೇ ಕಣ್ಣು, ಅದೇ ಮೇಜು, ಎರಡೇ ಹೆಸರಿನ ಅಂತರ. ಶೆರ್ಮನ್‌ಗೆ ಅವಕಾಶ ಸಿಕ್ಕಿದ್ದೂ ಮುಂದಿದ್ದವರು ಗಾಯಗೊಂಡ ಮೇಲೆ, ಅಕ್ಟೋಬರ್ ಕೊನೆಗೆ. ಆದರೆ ಅದೃಷ್ಟ ಬಾಗಿಲು ತಟ್ಟಿದಾಗ ಇವನಿಂದ ಏನು ಮಾಡಿಸಬೇಕೆಂದು ಒಳಗಿದ್ದವರಿಗೆ ಗೊತ್ತಿತ್ತು. ಡ್ರಾಫ್ಟ್‌ನ ಹೊರಗೂ ಅವರು ಹುಡುಕಿದ್ದು ಇಂಥವರನ್ನೇ. ಯಾರೂ ಆಯ್ದಿರದ, ಕೆನಡಾದ ಕ್ಯಾಲ್ಗರಿಯಲ್ಲಿ ಆಡುತ್ತಿದ್ದ ಬ್ರ್ಯಾಂಡನ್ ಬ್ರೌನರ್‌ನನ್ನು ಕರೆತಂದು ಇನ್ನೊಂದು ಮೂಲೆಗೆ ನಿಲ್ಲಿಸಿದರು. ಅವನ ಎತ್ತರ ಆರಡಿ ನಾಲ್ಕಿಂಚು.

2012ರಲ್ಲಿ 15ನೆಯವನಾಗಿ ಬ್ರೂಸ್ ಅರ್ವಿನ್ ಹೆಸರು ಬಂದಾಗ ಟೀವಿ ಪಂಡಿತರು ನಕ್ಕರು. 47ನೆಯವನಾಗಿ ಯೂಟಾ ಸ್ಟೇಟ್‌ನ ಲೈನ್‌ಬ್ಯಾಕರ್ ಬಾಬಿ ವ್ಯಾಗ್ನರ್ ಬಂದಾಗ ಯಾರೂ ಹುಬ್ಬೇರಿಸಲಿಲ್ಲ; ನ್ಯುಮೋನಿಯಾದಿಂದ ಅವನಿಗೆ ಕಂಬೈನ್‌ಗೂ ಹೋಗಲಾಗಿರಲಿಲ್ಲ. ಗೋಡೆಯ ನಡುಗಲ್ಲು ಅವನೇ. ಆ ವರ್ಷದಿಂದ 2015ರವರೆಗೆ ಸತತ ನಾಲ್ಕು ವರ್ಷ ಲೀಗಿನಲ್ಲಿ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡ ಸೀಹಾಕ್ಸ್. 390 ಇದ್ದದ್ದು 2013ರಲ್ಲಿ 231ಕ್ಕೆ ಇಳಿಯಿತು.

ಆ ವರ್ಷದ ಸೂಪರ್ ಬೌಲ್‌ನಲ್ಲಿ ಎದುರು ಬಂದವರು ಅದೇ ಡೆನ್ವರ್. ಪೇಟನ್ ಮ್ಯಾನಿಂಗ್ ನಾಯಕತ್ವದಲ್ಲಿ 606 ಅಂಕ ಗಳಿಸಿ ದಾಖಲೆ ಬರೆದಿದ್ದವರು. ಹನ್ನೆರಡನೇ ಸೆಕೆಂಡಿಗೇ ಅವರು ತಪ್ಪೆಸಗಿ ಎರಡು ಅಂಕ ಕೊಟ್ಟರು. ಮುಗಿದಾಗ 43–8. ಪಂದ್ಯಶ್ರೇಷ್ಠ 242ನೇ ಹೆಸರಿನ ಸ್ಮಿತ್.

ದುಡ್ಡಿನ ಮಾತೂ ಇದೆ. ಡ್ರಾಫ್ಟ್ ಹುಡುಗರ ಮೊದಲ ಕರಾರು ಅಗ್ಗ. ಆ ವರ್ಷ ಶೆರ್ಮನ್‌ನ ಮೂಲ ಸಂಬಳ 5,55,000 ಡಾಲರ್. ಮರುವರ್ಷ ನಾಲ್ಕು ವರ್ಷದ ಹೊಸ ಕರಾರು ಐದು ಕೋಟಿ ಡಾಲರ್ ದಾಟಿತು. ತಂಡದ ಒಟ್ಟು ಸಂಬಳಕ್ಕೆ ಲೀಗಿನ ಮಿತಿಯಿದೆ. ಒಬ್ಬೊಬ್ಬನಿಗೂ ತಕ್ಕ ಕೂಲಿ ಕೊಡುತ್ತ ಬಂದಂತೆ ಅಕ್ಕಪಕ್ಕದವರನ್ನು ಬಿಡಬೇಕಾಯಿತು. ಹೊಸ ಶನಿವಾರಗಳು ಬಂದವು, ಹೋದವು. ಇನ್ನೊಬ್ಬ ಶೆರ್ಮನ್ ಸಿಗಲಿಲ್ಲ.

ಮುರಿದದ್ದೆಲ್ಲ ಒಂದೇ ನೆಲದ ಮೇಲೆ, ಅರಿಜೋನಾದ ಗ್ಲೆಂಡೇಲ್‌ನಲ್ಲಿ. 2015ರ ಫೆಬ್ರವರಿ 1ರ ಸೂಪರ್ ಬೌಲ್‌ನಲ್ಲಿ ಗೆರೆಗೆ ಒಂದು ಗಜ ಉಳಿದಾಗ ಸೀಹಾಕ್ಸ್ ಎಸೆದ ಚೆಂಡನ್ನು ಕಸಿದವನು ಎದುರಾಳಿ ತಂಡದ ಮಾಲ್ಕಮ್ ಬಟ್ಲರ್. ಡ್ರಾಫ್ಟ್‌ನಲ್ಲಿ ಯಾರೂ ಆಯ್ದಿರದ ಕಾರ್ನರ್‌ಬ್ಯಾಕ್! 2017ರ ನವೆಂಬರ್ 9ರ ರಾತ್ರಿ ಅಲ್ಲೇ ಶೆರ್ಮನ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಅದೇ ರಾತ್ರಿ ಕುತ್ತಿಗೆಗೆ ಪೆಟ್ಟು ತಿಂದ ಚಾನ್ಸಲರ್ ಮತ್ತೆಂದೂ ಆಡಲಿಲ್ಲ. 2018ರ ಸೆಪ್ಟೆಂಬರ್ 30ರಂದು ಹೊಸ ಕರಾರಿಗಾಗಿ ತಂಡದೊಂದಿಗೆ ಜಗಳವಾಡಿಕೊಂಡೇ ಆಡುತ್ತಿದ್ದ ಥಾಮಸ್‌ನ ಕಾಲು ಮುರಿಯಿತು. ಗಾಡಿಯಲ್ಲಿ ಹೊರಗೆ ಒಯ್ಯುವಾಗ ಅವನು ತನ್ನದೇ ತಂಡದ ಕಡೆಗೆ ನಡುಬೆರಳು ಎತ್ತಿ ತೋರಿಸಿದ. ಸೀಹಾಕ್ಸ್‌ಗಾಗಿ ಅವನು ಆಡಿದ ಕೊನೆಯ ಆಟ ಅದು.