ಬೆಲೆ ನೋಡಿ, ತೂಕ ನೋಡಿ, ಅನಂತರ ಕೊಳ್ಳಿ

ಕುಟುಂಬದ ತಿಂಗಳ ವೆಚ್ಚದಲ್ಲಿ ದಿನಸಿ ಪದಾರ್ಥಗಳ ಪಾಲು ದೊಡ್ಡದು. ಮನೆ ಬಾಡಿಗೆಯನ್ನಾಗಲಿ ಮಕ್ಕಳ ಶಾಲಾ ಶುಲ್ಕವನ್ನಾಗಲಿ ಇಷ್ಟಬಂದಂತೆ ತಗ್ಗಿಸಲಾಗದು. ಆದರೆ ದಿನಸಿಯ ವೆಚ್ಚವನ್ನು ಊಟದ ಪ್ರಮಾಣ ಕಡಿಮೆ ಮಾಡದೆಯೇ ಹತೋಟಿಯಲ್ಲಿಡಬಹುದು. ಅದಕ್ಕೆ ಬೇಕಾದುದು ಹಲವು ಅಂಗಡಿಗಳ ಬೆಲೆಯನ್ನು ಸರಿಯಾದ ಕ್ರಮದಲ್ಲಿ ಹೋಲಿಸಿ ನೋಡುವ ಅಭ್ಯಾಸ.

ಪೊಟ್ಟಣದ ಬೆಲೆಯಲ್ಲ, ಗ್ರಾಮಿನ ಬೆಲೆ

ಪೊಟ್ಟಣದ ಬೆಲೆಯೊಂದನ್ನೇ ಹೋಲಿಸಿದರೆ ಲೆಕ್ಕ ತಪ್ಪುವ ಸಂಭವವುಂಟು. ಬೆಲೆಯನ್ನು ಏರಿಸದೆ ತೂಕವನ್ನು ಇಳಿಸಿದ ಪೊಟ್ಟಣವು ನೋಟಕ್ಕೆ ಮೊದಲಿನಂತೆಯೇ ಇರುತ್ತದೆ. ಉದಾಹರಣೆಗೆ, ಒಂದೇ ಬಗೆಯ ಬೇಳೆಯ ಬೆಲೆಯು 400 ಗ್ರಾಂಗೆ 76 ರೂಪಾಯಿ, 500 ಗ್ರಾಂಗೆ 90 ರೂಪಾಯಿ ಮತ್ತು 1 ಕಿಲೋಗ್ರಾಂಗೆ 185 ರೂಪಾಯಿ ಎಂದು ಭಾವಿಸೋಣ. ಆಗ ಪ್ರತಿ ಗ್ರಾಮಿಗೆ ಕ್ರಮವಾಗಿ 19, 18 ಮತ್ತು 18.5 ಪೈಸೆ ಬೀಳುತ್ತದೆ. ಅಗ್ಗವೆಂದು ತೋರುವ ಚಿಕ್ಕ ಪೊಟ್ಟಣವೇ ಇಲ್ಲಿ ಎಲ್ಲಕ್ಕಿಂತ ದುಬಾರಿ; ದೊಡ್ಡ ಪೊಟ್ಟಣವೂ ಎಲ್ಲಕ್ಕಿಂತ ಅಗ್ಗವಲ್ಲ.

ಹಿಂದೆ ಕೆಲವು ಪದಾರ್ಥಗಳನ್ನು ನಿಗದಿತ ತೂಕಗಳಲ್ಲಿ ಮಾತ್ರ ಪೊಟ್ಟಣ ಕಟ್ಟಬೇಕಾಗಿತ್ತು. ಪೊಟ್ಟಣ ಸಾಮಗ್ರಿಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳಿಗೆ 2021ರಲ್ಲಿ ಮಾಡಿದ ತಿದ್ದುಪಡಿಯು ಈ ನಿರ್ಬಂಧವನ್ನು ತೆಗೆದುಹಾಕಿ, ಪೊಟ್ಟಣದ ಮೇಲೆ ಏಕಮಾನ ಬೆಲೆಯನ್ನು ನಮೂದಿಸುವ ವ್ಯವಸ್ಥೆಯನ್ನು ತಂದಿತು. ಒಂದು ಕಿಲೋಗ್ರಾಂಗಿಂತ ಕಡಿಮೆ ತೂಕವಿದ್ದರೆ ಗ್ರಾಮಿನ ಬೆಲೆಯನ್ನೂ, ಹೆಚ್ಚಿದ್ದರೆ ಕಿಲೋಗ್ರಾಮಿನ ಬೆಲೆಯನ್ನೂ ಅಲ್ಲಿ ಕಾಣಬಹುದು.

ಗಮನಿಸಬೇಕಾದ ಅಂಶಗಳು

ಮುದ್ರಿತ ಏಕಮಾನ ಬೆಲೆಯು ಗರಿಷ್ಠ ಚಿಲ್ಲರೆ ಬೆಲೆಯನ್ನು ಆಧರಿಸಿರುತ್ತದೆ. ಎಲ್ಲ ತೆರಿಗೆಗಳೂ ಸೇರಿದ ಈ ಬೆಲೆಗಿಂತ ಹೆಚ್ಚು ಕೇಳುವಂತಿಲ್ಲ. ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಆದುದರಿಂದ ರಿಯಾಯಿತಿ ಇರುವಲ್ಲಿ, ವಾಸ್ತವವಾಗಿ ಕೊಡುವ ಹಣವನ್ನು ನಿವ್ವಳ ತೂಕದಿಂದ ಭಾಗಿಸಿ ನೋಡುವುದು ಅವಶ್ಯಕ.

ಅಡುಗೆ ಎಣ್ಣೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ ಮಾತ್ರ. ಲೀಟರಿನ ಬೆಲೆಯನ್ನು ಕಿಲೋಗ್ರಾಮಿನ ಬೆಲೆಯೊಡನೆ ನೇರವಾಗಿ ಹೋಲಿಸಬಾರದು. ಎರಡನ್ನೂ ಗ್ರಾಮಿನ ಲೆಕ್ಕಕ್ಕೆ ತಂದುಕೊಳ್ಳಬೇಕು.

ಹೋಲಿಕೆಯು ಮನೆಯ ಪಕ್ಕದ ಅಂಗಡಿಗಳಿಗಷ್ಟೇ ಸೀಮಿತವಾಗಬೇಕಿಲ್ಲ. ಚೆನ್ನೈಯಲ್ಲಿ 1904ರಲ್ಲಿ ಸ್ಥಾಪನೆಯಾದ ಟ್ರಿಪ್ಲಿಕೇನ್ ನಗರ ಸಹಕಾರ ಸಂಘ, ದೆಹಲಿಯಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಭಂಡಾರ ಮುಂತಾದ ಸಹಕಾರಿ ಮಳಿಗೆಗಳ ಬೆಲೆಯನ್ನೂ ವಿಚಾರಿಸಬಹುದು. ತರಕಾರಿಗೆ ಹೈದರಾಬಾದಿನಲ್ಲಿ ರೈತು ಬಜಾರುಗಳಿವೆ. ಅಂದಿನ ಆಂಧ್ರಪ್ರದೇಶದಲ್ಲಿ 1999ರಲ್ಲಿ ಪ್ರಾರಂಭವಾದ ಈ ಮಾರುಕಟ್ಟೆಗಳಲ್ಲಿ ದಿನದ ದರವನ್ನು ಫಲಕದ ಮೇಲೆ ಬರೆದಿಡಲಾಗುತ್ತದೆ. ಆದರೆ ದೂರದ ಮಾರುಕಟ್ಟೆಗೆ ಹೋಗಿ ಉಳಿಸುವ ಹಣವು ಪ್ರಯಾಣದ ಖರ್ಚಿಗಿಂತ ಹೆಚ್ಚಾಗಿದ್ದರೆ ಮಾತ್ರ ಅದು ಉಳಿತಾಯ. ಹಾಗೆಯೇ, ಕೆಟ್ಟುಹೋಗುವ ಪದಾರ್ಥವನ್ನು ಅಗ್ಗವೆಂದು ಹೆಚ್ಚಾಗಿ ಕೊಂಡರೆ ನಷ್ಟವೇ ಆಗುತ್ತದೆ.

ನಿತ್ಯ ಬಳಸುವ ಹತ್ತು ಪದಾರ್ಥಗಳ ಹೆಸರು, ಅಂಗಡಿ, ತೂಕ ಮತ್ತು ಕೊಟ್ಟ ಬೆಲೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಎರಡು ಮೂರು ತಿಂಗಳಲ್ಲಿ ಯಾವ ಪದಾರ್ಥ ಎಲ್ಲಿ ಅಗ್ಗವೆಂಬುದು ತಾನೇ ಸ್ಪಷ್ಟವಾಗುತ್ತದೆ. ಗರಿಷ್ಠ ಚಿಲ್ಲರೆ ಬೆಲೆಗಿಂತ ಹೆಚ್ಚು ವಸೂಲು ಮಾಡಿದಲ್ಲಿ ಅಥವಾ ತೂಕದಲ್ಲಿ ಕೊರತೆ ಕಂಡುಬಂದಲ್ಲಿ, ರಸೀದಿಯನ್ನು ಇಟ್ಟುಕೊಂಡು ಆಯಾ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೂ ಕರೆ ಮಾಡಬಹುದು.